ಜರಡಿ ದಾಟಿದ ಚೆಂಡುಹೂವು

ದೆವ್ವ, ಶಕುನ ಎನ್ನುವವರನ್ನು ಕಂಡರೆ ನಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಎಂಬತ್ತರ ದಶಕದಲ್ಲಿ ಬಳ್ಳಾರಿಯಲ್ಲಿ ಕಣ್ಣಾರೆ ಕಂಡದ್ದನ್ನು ಸುಳ್ಳೆನ್ನಲೂ ಬಾಯಿ ಬರುತ್ತಿಲ್ಲ.

ಆಗ ನಮ್ಮದು ಹೊಸ ಬಗೆಯ ಅಣುಸ್ಥಾವರವೊಂದಕ್ಕೆ ಸಂಬಂಧಿಸಿದ ಕೆಲಸ. ಅಲ್ಲಿ ಇಂಧನದ ಕಾವು ತೆಗೆಯುವುದು ನೀರಲ್ಲ, ಕರಗಿದ ಸೋಡಿಯಂ. ಅದು ಪಾದರಸದಂತೆ ಹೊಳೆಯುವ ಲೋಹ. ಒಳಗೇನು ಅಡ್ಡ ಬಿದ್ದರೂ ಕಾಣದು. ಒಂದೇ ಒಂದು ಕೊಳವೆಯಲ್ಲಿ ಹರಿವು ನಿಂತರೂ ಸಾಕು, ಅಲ್ಲಿನ ಇಂಧನ ಕರಗಿ ಅನಾಹುತವಾಗುತ್ತದೆ. ಹಾಗಾಗಿ ಮೊದಲು ಮಾದರಿ ಕೊಳವೆಗಳಲ್ಲಿ ನೀರು ಹಾಯಿಸಿ ನೋಡುತ್ತಿದ್ದೆವು, ಬಳ್ಳಾರಿಯ ಗಾಂಧಿನಗರದ ಒಂದು ಶೆಡ್ಡಿನಲ್ಲಿ.

ನಮ್ಮ ಹಿರಿಯ ಇಂಜಿನಿಯರ್ ಪಂಪಣ್ಣನವರು ಸಿರುಗುಪ್ಪದ ಗದ್ದೆಗಳಲ್ಲಿ ಆಡಿ ಬೆಳೆದವರು. ಎಂಥ ತಲೆ ಅವರದು! ಕಾಲುವೆಯ ತೂಬು ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಅವರ ಮನೆಯವರು ಹೂವೊಂದನ್ನು ನೀರಿಗೆ ಬಿಟ್ಟು, ಆಚೆ ಬರುವುದನ್ನು ಕಾಯುತ್ತಿದ್ದರಂತೆ. ಇವರೂ ಕೊಳವೆಗಳಿಗೆ ತಳ ಕೂರಿಸುವ ಮೊದಲು ಪ್ರತಿಯೊಂದರಲ್ಲೂ ನೀರಿನೊಡನೆ ಒಂದು ಚೆಂಡುಹೂವು ಬಿಡುತ್ತಿದ್ದರು. ಆ ತಳದಲ್ಲಿ ನೀರು ಒಳಬರಲು ಇದ್ದದ್ದು ಒಂದೇ ತೂತು.

“ಕೆಳಗ ಒಂದ ತೂತು ಸಾಲಂಗಿಲ್ಲಲೇ. ಕಸ ಕುಂತ್ರ ಉಸಿರು ಕಟ್ತೈತಿ. ಪಕ್ಕದಾಗೂ ತೂತು ಇರಬೇಕು,” ಎಂದು ಅವರು ಹಟ ಹಿಡಿದಿದ್ದರು. ಪಂಪಿನ ಬಾಯಿಗೆ ಜರಡಿ ಇರುವಾಗ ಕಸ ಎಲ್ಲಿಂದ ಬಂತು ಎಂದು ಮೇಲಿನವರು ಒಪ್ಪಿರಲಿಲ್ಲ.

ಕೊನೆಯ ಪರೀಕ್ಷೆಯ ದಿನ ಪಂಪಣ್ಣನವರು ಜ್ವರದಿಂದ ಕುರುಗೋಡಿನ ಮನೆಯಲ್ಲಿ ಮಲಗಿದ್ದರು. ಅಂದು ಗೆದ್ದರೆ ಒಂದೇ ತೂತಿನ ವಿನ್ಯಾಸ ಖಾಯಂ. ನಾನೇ ಕೊಳವೆಗಳ ಒಳಗೆ ನೋಡಿ ಬೋಲ್ಟು ಬಿಗಿದೆ. ಹೂವು ಬಿಡಲಿಲ್ಲ. ಪಂಪು ಶುರುವಾಯಿತು. ಎಲ್ಲ ಸರಿಯಾಗಿ ಹರಿಯುತ್ತಿದ್ದಾಗಲೇ ಒಂದು ಕೊಳವೆಯ ಹರಿವಿನ ಮಾಪಕದ ಮುಳ್ಳು ಸೊನ್ನೆಗೆ ಬಿತ್ತು.

ನಿಲ್ಲಿಸಿ ಬಿಚ್ಚಿದೆವು. ಕೆಳಗಿನ ತೂತಿಗೆ ಬಿರಡೆ ಹಾಕಿದಂತೆ ಒಂದು ಚೆಂಡುಹೂವು ಕುಳಿತಿತ್ತು. ಆಗತಾನೇ ಕಿತ್ತ ಹಾಗಿತ್ತು, ಒಂದೆಸಳೂ ಹರಿದಿರಲಿಲ್ಲ. ಜರಡಿ ದಾಟಿ, ಪಂಪಿನ ರೆಕ್ಕೆಗಳ ಏಟು ತಪ್ಪಿಸಿಕೊಂಡು ಅದು ಬಂದದ್ದಾದರೂ ಹೇಗೆ? ಶೆಡ್ಡಿನಲ್ಲಿ ಅಂದು ಹೂವೇ ಇರಲಿಲ್ಲ. ನೋಡಲು ಬಂದಿದ್ದ ಅಧಿಕಾರಿಗಳು ಹೂವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಊಟದ ಹೊತ್ತಿಗೆ ಪಕ್ಕದ ತೂತುಗಳಿಗೆ ಒಪ್ಪಿಗೆ ಸಿಕ್ಕಿತು.

ಸುದ್ದಿ ಹೇಳಲು ಸಂಜೆಯ ಬಸ್ಸಿಗೇ ಕುರುಗೋಡಿಗೆ ಹೋದೆ. “ಮುಂಜಾನಿಂದ ಹಾಸಿಗಿ ಬಿಟ್ಟು ಎದ್ದಿಲ್ರಿ,” ಎಂದರು ಅವರ ಹೆಂಡತಿ. ನಾನು ಬಾಯಿ ತೆರೆಯುವ ಮೊದಲೇ ಪಂಪಣ್ಣನವರು ಕಂಬಳಿಯಿಂದ ಮುಖ ಹೊರಹಾಕಿ ಕೇಳಿದರು:

“ಹೂವು ನಲುಗಿತ್ತೇನಲೇ?”

“ಇಲ್ಲ ಸರ್.”

“ಚಲೋ ಆತು,” ಎಂದು ಮಗ್ಗುಲು ಬದಲಿಸಿ ನಿದ್ದೆಹೋದರು. ಆಮೇಲೆ ಎಷ್ಟು ಸಲ ಕೇಳಿದರೂ ನಕ್ಕರೇ ಹೊರತು ಬಾಯಿ ಬಿಡಲಿಲ್ಲ.

ಆ ಜರಡಿ ಇವತ್ತಿಗೂ ನನ್ನ ಹತ್ತಿರ ಇದೆ. ಆಯುಧಪೂಜೆಯ ದಿನ ಅದರ ಮೇಲೊಂದು ಚೆಂಡುಹೂವು ಇಟ್ಟು, ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತೇನೆ. ಒಂದೆಸಳೂ ದಾಟುವುದಿಲ್ಲ.