ತರುಲತಕ್ಕನ ಹೊಲದ ಮೂಲೆ

ತರುಲತಾ ಪೇಗುವಿನ ಸಾಸಿವೆ ಹೊಲ ಕಾಜಿರಂಗ ಕಾಡಿಗೆ ಅಂಟಿಕೊಂಡೇ ಇದೆ. ಅದರ ಒಂದು ಮೂಲೆಗೆ ಮೂರು ವರ್ಷದಿಂದ ಒಂದು ಘೇಂಡಾಮೃಗ ಬಂದು ಲದ್ದಿ ಹಾಕಿ ಹೋಗುತ್ತದೆ. ಜಾಗ ಬದಲಿಸುವ ಪ್ರಾಣಿಯಲ್ಲ ಅದು. ಬೇಲಿ ಹಾಕು ಅಂತ ಊರವರು ಅಂದರೆ ತರುಲತಕ್ಕ ರೇಗುತ್ತಾಳೆ.

"ನಿಮ್ಮನೆ ಗಂಡಸರು ಕಂಡಕಂಡಲ್ಲಿ ಕೂರ್ತಾರೆ. ಇದು ದಿನಾ ಒಂದೇ ಕಡೆ ಹೋಗುತ್ತೆ. ಯಾರಿಗ್ರೀ ಮಾನ ಮರ್ಯಾದೆ ಜಾಸ್ತಿ?"

ಹೋದ ಮಾಘದಲ್ಲಿ ಇಸ್ತ್ರಿ ಅಂಗಿಯವನೊಬ್ಬ ಬಂದು, ಆ ಲದ್ದಿ ಗೊಬ್ಬರಕ್ಕೆ ಬೇಕು ಎಂದ. "ಪ್ರಾಣಿ ಎಷ್ಟೊತ್ತಿಗೆ ಬರುತ್ತೆ ಅಕ್ಕಾ?" ಎಂದೂ ಕೇಳಿದ.

"ನಂಗೆ ಹೊತ್ತುಗಿತ್ತು ತಿಳಿಯಲ್ಲಪ್ಪ. ಗೊತ್ತಿರೋರನ್ನ ಕರೀತೀನಿ, ಕೂತಿರು" ಎಂದು ಅವನ ಕೈಗೆ ಎಲೆ ಅಡಿಕೆ ಕೊಟ್ಟು, ಒಳಗೆ ಹೋಗಿ ನಮ್ಮ ಅರಣ್ಯ ಕಾವಲು ಠಾಣೆಗೆ ಫೋನ್ ಮಾಡಿದಳು.

ನಾವು ನಾಲ್ವರು ಹೋದಾಗ ಅವನು ಇನ್ನೂ ಅಡಿಕೆ ಜಗಿಯುತ್ತಿದ್ದ. ಅವನ ಚೀಲದಲ್ಲಿ ಬಂದೂಕಿನ ಗುಂಡುಗಳು ಸಿಕ್ಕವು.

"ಕೊಂಬಿನ ಕಳ್ಳ ಅಂತ ಹೇಗೆ ಗೊತ್ತಾಯ್ತಕ್ಕಾ?" ಎಂದೆ.

"ಗೊಬ್ಬರ ಬೇಕಾದೋನು ಬುಟ್ಟಿ ತರ್ತಾನೆ ಕಣೋ. ಇವನು ಗಡಿಯಾರ ಕಟ್ಕೊಂಡು ಬಂದಿದ್ದ."