ಎಲ್ಲ ನಾರ್ಮಲ್ ಎಂದ ರಿಪೋರ್ಟುಗಳು

ಮಕ್ಕಳಾಗಲಿಲ್ಲವೆಂದು ನಾವು ಎರಡು ವರ್ಷ ಆಸ್ಪತ್ರೆಗೆ ಅಲೆದೆವು. ರಕ್ತ ಕೊಟ್ಟೆವು, ಸ್ಕ್ಯಾನ್ ಮಾಡಿಸಿದೆವು, ಮಾತ್ರೆ ನುಂಗಿದೆವು. ಮಕ್ಕಳಾಗುವುದಕ್ಕೆ ಗಂಡ ಹೆಂಡಿರ ನಡುವೆ ಏನು ನಡೆಯಬೇಕೋ ಅದು ಒಂದು ಸಲವೂ ನಡೆದಿಲ್ಲ ಎಂಬುದನ್ನು ಮಾತ್ರ ಯಾವ ಡಾಕ್ಟರಿಗೂ ಹೇಳಲಿಲ್ಲ. ನಗುವವರು ನಗಲಿ. ನನಗೆ ಅದನ್ನೆಲ್ಲ ನೆನೆದರೆ ಇವತ್ತಿಗೂ ಮೈಯೆಲ್ಲ ಸೋತಂತಾಗುತ್ತದೆ.

ನಾನು ವಿಜಯಪುರದವಳು, ಮದುವೆಯಾಗಿ ಕೂಕಟ್‌ಪಲ್ಲಿಗೆ ಬಂದೆ. ಗಂಡನ ಮನೆಯವರು ರಾಯಚೂರಿನ ಕಡೆಯವರಾದರೂ ಹೈದರಾಬಾದಿನಲ್ಲಿ ನೆಲೆ ನಿಂತು ಎಷ್ಟೋ ಕಾಲವಾಗಿದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಗಂಡ ಬಾಲಾನಗರದ ವರ್ಕ್‌ಶಾಪೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಾರೆ. ನಾನು ಮಾದಾಪುರದ ಆಫೀಸಿನಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕರ್ನಾಟಕದಿಂದ ಫೋನ್ ಮಾಡುವ ಗಿರಾಕಿಗಳ ದೂರು ಕೇಳುತ್ತೇನೆ. "ನಿಮ್ಮ ಸಮಸ್ಯೆ ಏನೆಂದು ವಿವರವಾಗಿ ಹೇಳಿ" ಎಂದು ದಿನವಿಡೀ ಕಂಡವರಿಗೆಲ್ಲ ಹೇಳುವ ನನಗೆ ನನ್ನದನ್ನು ಹೇಳಲು ಬಾಯಿಯೇ ಬರಲಿಲ್ಲ.

ಮದುವೆಯ ಹಿಂದಿನ ದಿನ ಚಿಕ್ಕಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಭಾಳ ನೋಯ್ತೈತಿ. ಹಲ್ಲು ಕಚ್ಚಿ ತಡಕೊ, ಒದರಬ್ಯಾಡ" ಎಂದಿದ್ದಳು. ನನಗೆ ಸಿಕ್ಕ ಪಾಠ ಅಷ್ಟೇ. ಹಲ್ಲು ಕಚ್ಚಿದೆ. ಹಲ್ಲಿನ ಜೊತೆಗೆ ಇಡೀ ಮೈ ಬಿಗಿಯಿತು. ಗಂಡ ಹತ್ತಿರ ಬಂದರೆ ಸಾಕು, ಕಾಲುಗಳು ನನ್ನ ಮಾತು ಕೇಳದೆ ಸೇರಿಕೊಳ್ಳುತ್ತಿದ್ದವು. ಅವರು ಜೋರು ಮಾಡುವವರಲ್ಲ. "ಆತು ಬಿಡು" ಎಂದು ಹೊರಳಿ ಮಲಗುತ್ತಿದ್ದರು. ಮೊದಮೊದಲು ಅದು ದೊಡ್ಡ ಗುಣವೆನ್ನಿಸಿತು. ಆಮೇಲಾಮೇಲೆ ಆ "ಆತು ಬಿಡು" ಕೇಳಿದರೇ ಅಳು ಬರುತ್ತಿತ್ತು. ಆರು ತಿಂಗಳಾಗುವಷ್ಟರಲ್ಲಿ ಅವರಿಗೆ ಸೆಕೆಂಡ್ ಶಿಫ್ಟ್ ಬಿತ್ತು. ಅವರು ನಡುರಾತ್ರಿ ಬರುವ ಹೊತ್ತಿಗೆ ನಾನು ನಿದ್ದೆ ಬಂದವಳ ಹಾಗೆ ಮಲಗಿರುತ್ತಿದ್ದೆ.

ಎರಡು ವರ್ಷ ಕಾದು ಅತ್ತೆ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ನಮ್ಮ ಮನೆಗಳಲ್ಲಿ ಡಾಕ್ಟರ ಎದುರಿನ ಕುರ್ಚಿ ಹಿರಿಯರದು, ಸೊಸೆಗೆ ಪಕ್ಕದ ಸ್ಟೂಲು. ಡಾಕ್ಟರು ತೆಲುಗಿನಲ್ಲಿ ಕೇಳುವರು, ಅತ್ತೆ ತೆಲುಗಿನಲ್ಲಿ ಹೇಳುವರು. ನನ್ನ ಮುಟ್ಟು, ನನ್ನ ಹಸಿವು, ನನ್ನ ನಿದ್ದೆ, ಎಲ್ಲದಕ್ಕೂ ಉತ್ತರ ಅವರದೇ. ಗಂಡ ಹೆಂಡತಿ ಕೂಡಿ ಇದ್ದಾರೆಯೇ ಎಂಬ ಪ್ರಶ್ನೆಗೂ ಅವರೇ "ಅಂತಾ ಬಾಗುಂದಮ್ಮಾ" ಎಂದರು. ಎಲ್ಲ ಚೆನ್ನಾಗಿದೆಯಂತೆ! ಅಷ್ಟು ತೆಲುಗು ನನಗೂ ತಿಳಿಯುತ್ತಿತ್ತು. ಸುಮ್ಮನೆ ತಲೆಯಾಡಿಸಿದೆ. ಒಳಗಿನ ಪರೀಕ್ಷೆಗೆ ಮಲಗಿಸಿದಾಗ ಕಿರುಚಿಕೊಂಡೆ, ನರ್ಸ್ ಬೈದಳು, ಕೊನೆಗೆ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡಿ ಕಳಿಸಿದರು. ರಿಪೋರ್ಟುಗಳೆಲ್ಲ ನಾರ್ಮಲ್. ಗಂಡನದೂ ನಾರ್ಮಲ್. ಹೀಗೇ ಎರಡು ವರ್ಷ ಕಳೆದ ಮೇಲೆ, ಪ್ರಜ್ಞೆ ತಪ್ಪಿಸಿ ಸಣ್ಣ ಆಪರೇಷನ್ ಮಾಡಿ ಒಳಗೆ ನೋಡಬೇಕೆಂದು ಡಾಕ್ಟರು ಹೇಳಿದರು. ಅಷ್ಟಾದ ಮೇಲೂ ಮಕ್ಕಳಾಗದಿದ್ದರೆ "ಹುಡುಗಗ ಬ್ಯಾರೆ ಹೆಣ್ಣು ನೋಡಬೇಕಾಕೈತಿ" ಎಂದು ಅತ್ತೆ ಫೋನಿನಲ್ಲಿ ತಮ್ಮ ಅಕ್ಕನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಆಪರೇಷನ್ನಿಗೆ ಮೊದಲಿನ ತಪಾಸಣೆಯ ದಿನ ಬೇರೊಬ್ಬ ಡಾಕ್ಟರಮ್ಮ ಇದ್ದರು. ವಯಸ್ಸಾದವರು, ಹೈದರಾಬಾದಿ ಹಿಂದಿ ಆಡುವವರು. ಪೇಷಂಟ್ ಒಬ್ಬಳೇ ಇರಲಿ ಎಂದು ಅತ್ತೆಯನ್ನು ಹೊರಗೆ ಕಳಿಸಿದರು. ಗಂಡನ ಜೊತೆ ಸೇರುವಾಗ ನೋವಾಗುತ್ತದೆಯೇ ಎಂದು ಕೇಳಿದರು.

"ಅಬ್ ತಕ್ ಹುವಾಚ್ ನೈ" ಎಂದುಬಿಟ್ಟೆ. ಇದುವರೆಗೆ ಆಗಿಯೇ ಇಲ್ಲ.

ಕನ್ನಡದಲ್ಲಾಗಿದ್ದರೆ ಆ ಮಾತು ಹೊರಗೇ ಬರುತ್ತಿರಲಿಲ್ಲ. ಅರೆಬರೆ ಬರುವ ಭಾಷೆಗೆ ನಾಚಿಕೆ ಕಡಿಮೆ. ಅವರು ನಗಲಿಲ್ಲ, ಗಾಬರಿಯೂ ಆಗಲಿಲ್ಲ. ಪೆನ್ನು ಕೆಳಗಿಟ್ಟು ನಿಧಾನವಾಗಿ ವಿವರಿಸಿದರು. ಕಣ್ಣಿನ ಹತ್ತಿರ ಏನಾದರೂ ಬಂದರೆ ರೆಪ್ಪೆ ತಾನೇ ಮುಚ್ಚಿಕೊಳ್ಳುತ್ತದಲ್ಲ, ಹಾಗೇ ಹೆದರಿದ ಮೈ ಬಿಗಿದುಕೊಳ್ಳುತ್ತದೆ. ಇಂಥ ಎಷ್ಟೋ ಜೋಡಿಗಳು ತಮ್ಮ ಹತ್ತಿರ ಬರುತ್ತಾರೆ. ಗುಣವಾಗುತ್ತದೆ, ಸಮಯ ಬೇಕು. ಆಪರೇಷನ್ ಬೇಡವೆಂದು ಬರೆದರು. ಮುಂದಿನ ಸಲ ಗಂಡನನ್ನು ಕರೆದುಕೊಂಡು ಬಾ, ಅತ್ತೆಯನ್ನಲ್ಲ ಎಂದರು.

ಗಂಡ ಬಂದರು. ನನ್ನ ಕಷ್ಟವನ್ನೆಲ್ಲ ಕೇಳಿಸಿಕೊಂಡ ಡಾಕ್ಟರಮ್ಮ, ನಿಮಗೆ ಹೇಗೆ ಎಂದು ಅವರನ್ನು ಕೇಳಿದರು. ಅವರು ನೆಲ ನೋಡುತ್ತಾ ಏನೋ ಹಿಂದಿಯಲ್ಲಿ ತೊದಲಿ, ಕಡೆಗೆ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು: "ಸೆಕೆಂಡ್ ಶಿಫ್ಟ್ ನಾನ ಕೇಳಿ ಹಾಕಿಸ್ಕೊಂಡೆ. ನಿನ್ನ ಮುಖದಾಗಿನ ಅಂಜಿಕಿ ನೋಡಾಕ ಆಗತಿರಲಿಲ್ಲ. ನನಗೂ ಆಗಲಿಲ್ಲಂದ್ರ ಅನ್ನೂ ಅಂಜಿಕಿ ಬ್ಯಾರೆ."

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ವರ್ಷ ಅವರ ಕಂಪನಿಯವರಿಗೆ ಶಾಪ ಹಾಕಿದ್ದೆ! ಮೂರು ದಿನ ಅವರ ಜೊತೆ ಮಾತಾಡಲಿಲ್ಲ. ಆಮೇಲೆ ಅವರು ತಾವೇ ಕೇಳಿ ಮತ್ತೆ ಹಗಲು ಶಿಫ್ಟಿಗೆ ಹಾಕಿಸಿಕೊಂಡರು.

ಮೊದಲ ಆರು ವಾರ ಕೂಡುವ ಪ್ರಯತ್ನವನ್ನೇ ಮಾಡಕೂಡದೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು. ಕೈ ಹಿಡಿದು ಮಲಗುವುದು, ಬೆನ್ನು ಸವರುವುದು, ನಾನು ಸಾಕೆಂದರೆ ಅಲ್ಲಿಗೇ ನಿಲ್ಲಿಸುವುದು. ಜೊತೆಗೆ ಉಸಿರಾಟದ ಅಭ್ಯಾಸ, ಮೈ ಬಿಗಿದು ಸಡಿಲಿಸುವ ಅಭ್ಯಾಸ. ಕೇಳಲು ಸುಲಭ. ದಿನವಿಡೀ ಗಿರಾಕಿಗಳಿಂದ ಬೈಸಿಕೊಂಡು, ಮೆಟ್ರೋದಲ್ಲಿ ನಿಂತೇ ಬಂದು, ರೊಟ್ಟಿ ಬಡಿದ ಮೇಲೆ ಪ್ರೀತಿಯೂ ಹೋಮ್‌ವರ್ಕ್ ಆದರೆ ಯಾರಿಗೆ ಬೇಕು? ಗೋಡೆಯಾಚೆ ಅತ್ತೆಯ ಸೀರಿಯಲ್ ಬೇರೆ. ಎಷ್ಟೋ ವಾರ ಏನೂ ಮಾಡಲಿಲ್ಲ. ಆದರೆ "ಸಾಕು" ಎಂದಾಗೆಲ್ಲ ಅವರು ನಿಜಕ್ಕೂ ನಿಲ್ಲಿಸುತ್ತಿದ್ದರು, ಮುಖ ತಿರುಗಿಸುತ್ತಿರಲಿಲ್ಲ. ಹಾಗೆ ನಿಲ್ಲಿಸುತ್ತಾರೆಂಬ ನಂಬಿಕೆ ಮೈಗೆ ಬರಲು ಏಳೆಂಟು ತಿಂಗಳು ಹಿಡಿಯಿತು. ಒಂದು ಭಾನುವಾರ ಮಧ್ಯಾಹ್ನ, ಅತ್ತೆ ಯಾರದೋ ಸೀಮಂತಕ್ಕೆ ಹೋಗಿದ್ದಾಗ, ಅದೂ ಆಯಿತು. ಖುಷಿಗಿಂತ ಸುಸ್ತೇ ಹೆಚ್ಚಾಗಿ ನಾನು ಅತ್ತುಬಿಟ್ಟೆ, ಅವರೂ ಅತ್ತರು.

ಅತ್ತೆ ಸೀಮಂತದಿಂದ ಬಂದವರೇ, ಆಸ್ಪತ್ರೆ ಯಾಕೆ ಬಿಟ್ಟಿರಿ, ಮುಂದೇನು ಮಾಡುತ್ತೀರಿ ಎಂದು ಅಡುಗೆಮನೆಯಲ್ಲಿ ನನ್ನನ್ನು ಹಿಡಿದುಕೊಂಡರು. ಸೊಸೆಗೆ ಇನ್ನೂ ಏನೂ ಇಲ್ಲವೇ ಎಂದು ಅಲ್ಲಿ ಎಲ್ಲರೂ ಕೇಳಿರಬೇಕು, ಅವರ ಕಣ್ಣು ಕೆಂಪಾಗಿತ್ತು. ನಾನು ಎಂದಿನಂತೆ ತಲೆ ತಗ್ಗಿಸಿದೆ. ಬಾಗಿಲಲ್ಲಿ ನಿಂತಿದ್ದ ಗಂಡ ಹೇಳಿದರು: "ಅವ್ವಾ, ಔಷಧದ ಮಾತಲ್ಲ ಅದು. ನಮ್ಮಿಬ್ಬರ ನಡುವ ಏನೂ ನಡದಽ ಇರಲಿಲ್ಲ. ಇಬ್ಬರೂ ಅಂಜಿದ್ವಿ."

ಅತ್ತೆ ಕುಕ್ಕರಿನ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತರು. ಆ ಎರಡು ವರ್ಷ, ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ನುಗಳನ್ನು ನರ್ಸಿನ ಹತ್ತಿರ ಕಲಿತು ಬಂದು ನನ್ನ ಹೊಟ್ಟೆಗೆ ಚುಚ್ಚುತ್ತಿದ್ದವರು ಅವರೇ. ಬೈಯುತ್ತಾರೆಂದುಕೊಂಡೆ. ಅವರು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು.

"ಹಂಗಾರ ಅಷ್ಟೂ ಸೂಜಿ ಸುಮ್ಮನ ಚುಚ್ಚಿದ್ನೇನವಾ ನಾನು?" ಎಂದರು. ಕುಕ್ಕರಿನಿಂದ ಕೈ ತೆಗೆದು, "ನೋಯ್ತಿತ್ತೇನು?" ಎಂದು ಕೇಳಿದರು.

"ಭಾಳ ನೋಯ್ತಿತ್ತರಿ" ಎಂದೆ. ನನ್ನ ಮೈಯ ಬಗ್ಗೆ ಅವರ ಎದುರು ನನ್ನ ಬಾಯಿಂದಲೇ ಬಂದ ಮೊದಲ ಉತ್ತರ ಅದು.