ಹುಲ್ಡಜ್ಜಿಯ ಮುಖದ ಹಿಟ್ಟು

ಸಾಯುವ ಹಿಂದಿನ ದಿನ ಓರ್ವಿಲ್ ಒಕ್ಲಹೋಮಾದ ತನ್ನ ಅಡುಗೆಮನೆಯಲ್ಲಿ ಹಳೆಯ ಜನಗಣತಿಯ ನಕಲು ಹರಡಿಕೊಂಡು ಕೂತಿದ್ದ. ಅವನ ವಂಶದಲ್ಲಿ ಅರ್ಧ ಜನ ಅಮೆರಿಕದ ಮೂಲನಿವಾಸಿಗಳಾದ ಶಾವ್ನಿಗಳು, ಇನ್ನರ್ಧ ವಲಸೆ ಬಂದ ಬಿಳಿಯರು. ಮುತ್ತಜ್ಜಿ ಹುಲ್ಡಾ ಯಾವ ಕಡೆಯವಳು ಎಂಬುದೊಂದು ಇತ್ಯರ್ಥವಾಗಬೇಕಿತ್ತು.

"ಮನೇಲೆಲ್ಲ ಶಾವ್ನಿ ಅಂತಿದ್ರು. ಇಲ್ಲಿ ನೋಡಿದ್ರೆ ಬಿಳಿಯಳು ಅಂತ ಬರ್ದಿದಾನೆ ಕಣೇ."

"ಗಣತಿಯವನು ಬಂದಾಗ ಎಣ್ಣೆರೊಟ್ಟಿಗೆ ಹಿಟ್ಟು ನಾದ್ತಿದ್ಲೇನೋ," ಎಂದಳು ಹೆಂಡತಿ ಲವೀನಾ. "ಮುಖಕ್ಕೆ ಮೆತ್ತಿದ ಹಿಟ್ಟು ನೋಡಿ ಬರ್ಕೊಂಡಿರ್ತಾನೆ, ಪುಣ್ಯಾತ್ಮ."

ಓರ್ವಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಪತ್ತೆಯಾದ ಹಿರಿಯರ ಹೆಸರನ್ನೆಲ್ಲ ಅವನು ಕೋಳಿಗಳಿಗೆ ಇಟ್ಟಿದ್ದ. ಕೆಂಪು ಕೋಳಿಗಳು ಶಾವ್ನಿಗಳು, ಬಿಳಿಯವು ವಲಸೆಯವರು. ಹುಲ್ಡಾಳ ಹೆಸರೊಂದು ಉಳಿದಿತ್ತು.

"ಯಾವ ಕೋಳಿಗೆ ಇಡೋದು ಅಂತ ನಾಳೆ ಹೇಳ್ತೀನಿ," ಎಂದ.

ಮರುದಿನ ಎದೆನೋವು ಬಂದು ಹೋಗಿಬಿಟ್ಟ. ಮಣ್ಣಾದ ಮೇಲೆ ನಾದಿನಿ, "ಈಗ ಹುಲ್ಡಜ್ಜೀನೇ ಕೇಳ್ಕೋತಾನೆ ಬಿಡು ಅತ್ತಿಗೆ," ಎಂದಳು.

ಕೇಳಿದರೂ ಬಂದು ಹೇಳುವವನಲ್ಲ. ಹಾಗಾಗಿ ಲವೀನಾಳೇ ತೀರ್ಮಾನಿಸಿದಳು. ದಿನಾ ಬೆಳಿಗ್ಗೆ ಗೂಡು ತೆಗೆದು ಹೆಸರು ಹಿಡಿದು ಕರೆದು ಕಾಳು ಹಾಕುತ್ತಾಳೆ. ಕೊನೆಗೆ ಬರುವುದು ಕುತ್ತಿಗೆಯಲ್ಲಿ ಬಿಳಿ ಚುಕ್ಕೆಯಿರುವ ಕೆಂಪು ಕೋಳಿ.

"ಬಾ ಹುಲ್ಡಜ್ಜಿ, ಹಿಟ್ಟು ಒರೆಸ್ಕೊಂಡು ಬಾ."